ಫಕೀರಪ್ಪನ ಕಿರುಬೆರಳು

ಯಲವಿಗಿ ರೈಲು ನಿಲ್ದಾಣದ ಮೇಲ್ಸೇತುವೆಯ ಇಪ್ಪತ್ತಾರನೆಯ ಮೆಟ್ಟಿಲ ಮೇಲೆ ನಾನು ನಿಂತಿದ್ದೆ. ಹೋದ ವರ್ಷ ಏಪ್ರಿಲ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷ. ಬೆಳಕು ಚೆನ್ನಾಗಿತ್ತು. ಫಕೀರಪ್ಪ ನನಗಿಂತ ಎರಡು ಮೆಟ್ಟಿಲು ಕೆಳಗಿದ್ದ. ಬೆನ್ನಿಗೆ ಹತ್ತು ಕೆಜಿ ಮೆಕ್ಕೆಜೋಳ ತುಂಬಿದ ಚೀಲ, ಕೈಯಲ್ಲಿ ಬಿಚ್ಚಿದ ಎಲೆಯಡಿಕೆ ಸಂಚಿ. ಹೆಬ್ಬೆರಳಿನ ಉಗುರಿನಿಂದ ಒಂದು ಎಲೆಯ ತೊಟ್ಟು ಮುರಿಯಲು ಹೋದ. ತೊಟ್ಟು ಮುರಿಯಲಿಲ್ಲ.

ಆ ಉಗುರನ್ನು ಕಾಣದವರಿಗೆ ಇದರಲ್ಲಿ ಹೆದರುವಂಥದ್ದೇನೂ ಇಲ್ಲ. ಫಕೀರಪ್ಪ ಸವಣೂರಿನ ಎಲೆ ತೋಟದವನು. ನಲವತ್ತು ವರ್ಷ ಏಣಿಯ ಮೇಲೆ ನಿಂತು, ಅಗಸೆ ಮರಕ್ಕೆ ಹಬ್ಬಿದ ಬಳ್ಳಿಯಿಂದ ಎಲೆ ಚಿವುಟಿದವನು. ಅದಕ್ಕಾಗಿಯೇ ಬೆಳೆಸಿದ ಹೆಬ್ಬೆರಳಿನ ಉಗುರು ಎತ್ತಿನ ಕೊಂಬಿನ ಚೂರಿನಂತಿತ್ತು. ಎಲೆಯ ರಸ ಕುಡಿದು ಕೈಯ ದೊಡ್ಡ ಬೆರಳುಗಳ ಉಗುರುಗಳೆಲ್ಲ ಕಪ್ಪಾಗಿದ್ದವು. ಕಿರುಬೆರಳಿನದು ಮಾತ್ರ ಬೆಳ್ಳಗಿತ್ತು. ಎಲೆ ಕೀಳುವಾಗ ಆ ಬೆರಳಿಗೆ ಕೆಲಸವಿಲ್ಲ.

ನನ್ನದು ಔಷಧಿ ಅಂಗಡಿ. ಅವನು ನನ್ನನ್ನು 'ಗುಳಿಗಿ ಡಾಕ್ಟರ' ಎಂದು ಕರೆಯುತ್ತಿದ್ದ. ಹಾನಗಲ್, ಹಿರೇಕೆರೂರು ಸಂತೆಗಳಿಗೆ ಎಲೆಯ ಪೆಂಡಿ ಕಳಿಸಿ ಬಂದವನು ನನ್ನ ಅಂಗಡಿಯ ಬಾಕಿನ ಮೇಲೆ ಕುಳಿತು ಗಿರಾಕಿಗಳನ್ನು ಕಾಡುತ್ತಿದ್ದ. "ಇವ ಕೊಟ್ಟ ಗುಳಿಗಿ ನುಂಗಬ್ಯಾಡ್ರಿ, ನನ್ನ ಎಲಿ ಹಾಕ್ಕೋರಿ. ಇವಂದು ಕಹಿ, ನಂದು ಖಾರ, ಕಫ ಎರಡಕ್ಕೂ ಹೋಗತೈತಿ."

ಹಿಮಾಲಯದ ಮಾತು ತಂದವರು ಶಿಗ್ಗಾವಿಯ ಚಿತ್ರಕಲಾ ಶಿಕ್ಷಕ ವೀರೇಶ ಮಾಸ್ತರರು. ಐದು ದಿನ ನಡೆದರೆ ಹಿಮದ ಕಣಿವೆ ದಾಟಬಹುದು, ಅಲ್ಲಿ ಗಾಳಿ ತೆಳು, ಎರಡು ತಿಂಗಳ ತಯಾರಿ ಬೇಕು ಎಂದರು. ಫಕೀರಪ್ಪ ತಟ್ಟನೆ ಎದ್ದು ನಿಂತ. "ನಂದೂ ಹೆಸರು ಬರ್ಕೋರಿ. ಫ್ರಿಜ್ಜಿನ್ಯಾಗಿನ ಹಿಮ ಸಾಕಾತು. ಆಕಾಶದಿಂದ ಬಿದ್ದಿದ್ದು ಕೈಯಾಗ ಹಿಡಿಬೇಕು."

ನನಗೆ ಎತ್ತರವೆಂದರೆ ಭಯ. ಅದನ್ನು ಬಿಡಿಸಲು ಅವನು ನನ್ನನ್ನು ತೋಟದ ಏಣಿ ಹತ್ತಿಸಿದ. ಎಂಟನೆಯ ಮೆಟ್ಟಿಲಲ್ಲಿ ಏಣಿಯನ್ನು ತಬ್ಬಿಕೊಂಡೆ. ಮೇಲೆ ಹೋಗಲಾರೆ, ಕೆಳಗೂ ಇಳಿಯಲಾರೆ. ಅವನು ಹಿಂದಿನಿಂದ ಏರಿ ಬಂದು ನನ್ನ ಹಿಮ್ಮಡಿಗೆ ತನ್ನ ಅಂಗೈ ಒತ್ತಿ ಹಿಡಿದ. "ಏಣಿ ಏರೂದು ಕಾಲಿಲೆ ಅಲ್ಲೋ, ಮೂಗಿಲೆ. ಉಸಿರು ತಗೋ. ನೀ ಏರು. ನಾ ಕೆಳಗ ಅದೇನಿ." ನಾನು ಏರಿದೆ. ಅಂದಿನಿಂದ ಅವನು ಕೆಳಗಿಲ್ಲದೆ ನಾನು ಎಲ್ಲಿಯೂ ಏರಲಿಲ್ಲ.

ನಮ್ಮ ಕಡೆ ನೆಲ ಸಪಾಟು. ಆದ್ದರಿಂದ ಪ್ರತಿ ಭಾನುವಾರ ನಾವು ಮೂವರೂ ಬೆನ್ನಿಗೆ ಭಾರ ಹೊತ್ತು ಯಲವಿಗಿಯ ಮೇಲ್ಸೇತುವೆಯನ್ನು ಇಪ್ಪತ್ತು ಸಲ ಹತ್ತಿ ಇಳಿಯುತ್ತಿದ್ದೆವು. ಮೊದಲ ವಾರ ಫಕೀರಪ್ಪ ಐದು ಸುತ್ತಿಗೊಮ್ಮೆ ನಿಲ್ಲುತ್ತಿದ್ದ. "ತಡೀರಿ, ಒಂದ್ ಎಲಿ ಹಾಕ್ಕೊಳ್ಳೂಣು. ದೊಡ್ಡ ಗುಡ್ಡಕ್ಕ ಅವಸರ ನಡಿಯೂದಿಲ್ಲ." ತೊಟ್ಟು ಚಿವುಟುವುದು, ನಾರು ತೆಗೆಯುವುದು, ಸುಣ್ಣ ಸವರುವುದು, ಮಡಚುವುದು, ಎಲ್ಲವೂ ಬಹಳ ನಿಧಾನ. ನಂತರ ಮೂರು ಸುತ್ತಿಗೊಮ್ಮೆ ನಿಂತ. ಆಮೇಲೆ ಪ್ರತಿ ಸುತ್ತಿಗೆ. ನಾನು ಲೆಕ್ಕ ಇಟ್ಟಿದ್ದೆ, ಆದರೆ ಅದು ಚಟವೆಂದುಕೊಂಡೆ. ಮಡಚಿದ ಎಲೆಯನ್ನು ಅವನು ಬಾಯಿಗೆ ಹಾಕದೆ ಮತ್ತೆ ಸಂಚಿಗೆ ಸೇರಿಸಿದ್ದನ್ನು ಒಂದು ಸಲ ಕಂಡೆ. ಕಂಡೂ ಕೇಳಲಿಲ್ಲ.

ಏಪ್ರಿಲ್ ಮೊದಲ ವಾರ ಚಾರಣದವರ ಅರ್ಜಿ ತುಂಬಲು ಅವನ ಮನೆಗೆ ಹೋದೆವು. ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ಬರೆಯಬೇಕಿತ್ತು. ಬೆರಳಿಗೆ ಕಚ್ಚಿಸುವ ಪುಟ್ಟ ಯಂತ್ರ ನನ್ನ ಬಳಿ ಇತ್ತು. ಮಾಸ್ತರರಿಗೆ ತೊಂಬತ್ತೇಳು ಬಂತು, ನನಗೆ ತೊಂಬತ್ತಾರು. ಫಕೀರಪ್ಪನ ತೋರುಬೆರಳಿಗೆ ಎಂಬತ್ತೆಂಟು.

"ಉಗುರು ನೋಡ್ರಿ, ಕಾಡಿಗಿ ಹಚ್ಚಿದಂಗ ಐತಿ," ಮಾಸ್ತರರು ನಕ್ಕರು. "ಮಷಿನ್‌ಗೆ ಕತ್ತಲಿ ಆಗೇತಿ."

ಅದು ಸುಳ್ಳಲ್ಲ. ಉಗುರಿಗೆ ಬಣ್ಣವಿದ್ದರೆ ಯಂತ್ರ ತಪ್ಪುವುದುಂಟು. ಮಾಸ್ತರರು ಬೈಕ್ ತಿರುಗಿಸಲು ಹೊರಗೆ ಹೋದರು. ನಾನು ಯಂತ್ರವನ್ನು ಫಕೀರಪ್ಪನ ಬೆಳ್ಳನೆಯ ಕಿರುಬೆರಳಿಗೆ ಹಾಕಿದೆ.

ಎಂಬತ್ತೆಂಟು.

ಚಹಾ ತಂದ ಅವನ ಹೆಂಡತಿ ಗಂಗವ್ವ ಬಗ್ಗಿ ನೋಡಿದಳು. ದಿನವೂ ನೂರೆಲೆಯ ಕಟ್ಟು ಎಣಿಸಿ ಕಟ್ಟುವವಳು, ಅಂಕಿ ಬಲ್ಲಳು. "ನೂರಕ್ಕ ಎಂಬತ್ತೆಂಟ? ಅಯ್ಯ, ನಮ್ಮ ಮನ್ಯಾಗ ಯಾರೂ ಇಷ್ಟು ಮಾರ್ಕ್ಸ್ ತಗೊಂಡಿಲ್ಲ ಬಿಡ್ರಿ! ಪಾಸ್ ಹೌದಲ್ಲರಿ?"

ತೊಂಬತ್ತಕ್ಕಿಂತ ಕಡಿಮೆಯಾದರೆ ಮನುಷ್ಯನನ್ನು ಬೆಟ್ಟಕ್ಕಲ್ಲ, ಆಸ್ಪತ್ರೆಗೆ ಕರೆದೊಯ್ಯಬೇಕು. ಅದು ನನಗೆ ಗೊತ್ತಿತ್ತು. ಫಕೀರಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. "ಬಿಟ್ಟು ಹೋಗಬ್ಯಾಡ್ರೋ, ಡಾಕ್ಟರ," ಎಂದು ಮೆಲ್ಲಗೆ ಅಂದ. ಅವನ ಮೇಲಿನ ಕರುಣೆಯಿಂದ ಸುಮ್ಮನಾದೆ ಎಂದರೆ ನನಗೆ ಸುಲಭ. ನಿಜವೇನೆಂದರೆ, ಅವನು ಬರದಿದ್ದರೆ ಆ ಎತ್ತರದಲ್ಲಿ ನನ್ನ ಹಿಂದೆ ಯಾರಿರುತ್ತಾರೆ ಎಂದು ನನಗೆ ಹೆದರಿಕೆಯಾಯಿತು.

"ಪಾಸ್ ರಿ," ಎಂದೆ. ಅರ್ಜಿಯಲ್ಲಿ ತೊಂಬತ್ತಾರು ಎಂದು ಬರೆದೆ. ಅದು ನನ್ನ ಬೆರಳಿನ ಅಂಕಿ.

ಅದಾದ ಎರಡನೆಯ ಭಾನುವಾರವೇ ನಾನು ಮೊದಲು ಹೇಳಿದ ಭಾನುವಾರ. ತೊಟ್ಟು ಮುರಿಯಲಿಲ್ಲ. ಎಲೆ ಅವನ ಕೈಯಿಂದ ಜಾರಿ ಮೆಟ್ಟಿಲಿಗೆ ಬಿತ್ತು. ಅವನ ತುಟಿ ಎಲೆಯಡಿಕೆಯಿಂದ ಕೆಂಪಾಗಿರಲಿಲ್ಲ, ನೇರಳೆ ಹಣ್ಣು ತಿಂದಂತಿತ್ತು. ನಾನು ಕಂಬಿ ಹಿಡಿದು ನಿಂತುಬಿಟ್ಟೆ.

"ನೀ ಏರು," ಎಂದ ಫಕೀರಪ್ಪ. ಎರಡು ಮಾತಿನ ನಡುವೆ ಬಹಳ ಹೊತ್ತಾಯಿತು. "ನಾ ಕೆಳಗ ಅದೇನಿ."

ನಾನು ಏರಿದೆ. ಹೇಳಿದಂತೆ ಎರಡು ಮೆಟ್ಟಿಲು ಏರಿದೆ. ಇಪ್ಪತ್ತೆಂಟನೆಯದರ ಮೇಲೆ ಕಾಲಿಟ್ಟಾಗ ಹಿಂದೆ ಚೀಲ ಬಿದ್ದ ಸದ್ದಾಯಿತು. ತಿರುಗಿದರೆ ಮೆಕ್ಕೆಜೋಳ ಮೆಟ್ಟಿಲಿನಿಂದ ಮೆಟ್ಟಿಲಿಗೆ ಉರುಳುತ್ತಿತ್ತು. ಅವನು ಕಂಬಿಗೆ ಒರಗಿ ಕುಳಿತಿದ್ದ. ಸವಣೂರು ಮುಟ್ಟುವ ಮೊದಲೇ, ವಾಹನದಲ್ಲಿ, ನನ್ನ ತೊಡೆಯ ಮೇಲೆ ತೀರಿಕೊಂಡ. ಹಿಮಾಲಯಕ್ಕೆ ನಾವ್ಯಾರೂ ಹೋಗಲಿಲ್ಲ.

ಗಂಗವ್ವ ಈಗಲೂ ವಾರಕ್ಕೊಮ್ಮೆ ಅಂಗಡಿಗೆ ಎಲೆ ತಂದುಕೊಡುತ್ತಾಳೆ. ಬಂದವರಿಗೆಲ್ಲ, "ನಮ್ಮವರು ಎಂಬತ್ತೆಂಟು ತಗೊಂಡಿದ್ರು, ಹಣೆಬಾರ ನೋಡ್ರಿ," ಎನ್ನುತ್ತಿದ್ದಳು. ಹೋದ ವಾರ ಬಂದಳು. ಜ್ವರಕ್ಕೆ ದವಾಖಾನೆಗೆ ಹೋಗಿದ್ದಳಂತೆ. ನರ್ಸು ಅವಳ ಬೆರಳಿಗೂ ಯಂತ್ರ ಹಾಕಿದಳಂತೆ.

"ನನಗ ತೊಂಬತ್ತೆಂಟು ಬಂತ್ರಿ," ಎಂದಳು. "ಜಗಲಿ ಏರಿದ್ರ ಏದುಸಿರು ಬಿಡಾಕಿ ನಾನು. ಏಣಿ ಏರಾವ್ರಿಗೆ ಎಂಬತ್ತೆಂಟು. ಇದು ಹೆಂಗ್ರಿ?"

"ಉಗುರಿನ ರಸ," ಎಂದೆ.

"ಕಿರಿಬೆರಳಿಗೆ ರಸ ಎಲ್ಲಿಂದ ಬರ್ಬೇಕ್ರಿ?"

ಗಿರಾಕಿ ಬಂದ. ಅವಳು ಬಾಕಿನ ಮೇಲೆ, ಫಕೀರಪ್ಪ ಕೂರುತ್ತಿದ್ದಲ್ಲೇ ಕುಳಿತಳು. ಗಿರಾಕಿ ಹೋದ ಮೇಲೆ ಎಲೆಯ ಕಟ್ಟು ಇಟ್ಟು ಎದ್ದು ಹೋದಳು. ನಾಳೆ ಅವಳು ಬರುವ ದಿನ.

ಸೇತುವೆಯ ಮೇಲೆ ನಡೆದದ್ದನ್ನು ನನ್ನ ಹೊರತು ಕಂಡವರು ಇಬ್ಬರು: ಮೇಲಿನ ತುದಿಯಲ್ಲಿದ್ದ ವೀರೇಶ ಮಾಸ್ತರರು, ಕೆಳಗೆ ಕಸ ಗುಡಿಸುತ್ತಿದ್ದ ಸಕ್ರವ್ವ. ಇಬ್ಬರೂ ಇದ್ದಾರೆ, ಕೇಳಿ ನೋಡಬಹುದು. ಕಿರುಬೆರಳಿನ ಅಂಕಿಯನ್ನು ಕಂಡವಳು ಗಂಗವ್ವ. ಅವಳೂ ಇದ್ದಾಳೆ.