ನಮ್ಮ ಮನೆಯಲ್ಲಿ ಇಲ್ಲದ ಕೊಡ

ವಿಮಾ ಕಂಪನಿಯಿಂದ ಮೇಲ್ ಬಂದದ್ದು ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ. ಹೊತ್ತು ನೆನಪಿಟ್ಟುಕೊಳ್ಳುವುದು ನನ್ನ ಕೆಲಸದಿಂದ ಬಂದ ಅಭ್ಯಾಸ. ಗೋವಾದ ಮುರ್ಮುಗಾಂವ್ ಬಂದರಿನ ಒಂದು ಶಿಪ್ಪಿಂಗ್ ಏಜೆನ್ಸಿಯಲ್ಲಿ ನಾನು ಹಡಗುಗಳ ವರದಿ ಬರೆಯುತ್ತೇನೆ. ಹಡಗು ಯಾವಾಗ ಬಂತು, ಹಗ್ಗ ಯಾವಾಗ ಕಟ್ಟಿದರು, ಕ್ರೇನು ಎಷ್ಟು ಹೊತ್ತಿಗೆ ನಿಂತಿತು, ಮಳೆ ಬಂದು ಹಡಗಿನ ಮಾಲುಕೋಣೆಯ ಬಾಗಿಲು ಎಷ್ಟಕ್ಕೆ ಮುಚ್ಚಿದರು. ಯಾರ ಪರವಾಗಿಯೂ ಬರೆಯುವಂತಿಲ್ಲ. ಆದದ್ದನ್ನು, ಆದ ಹೊತ್ತಿನೊಡನೆ, ಅಷ್ಟೇ.

ಮೇಲ್‌ನಲ್ಲಿ ಐದಾರು ಸಾಲು ಇದ್ದವು. ಸ್ತನಗಳ ಗಾತ್ರ ಕಡಿಮೆ ಮಾಡುವ ಶಸ್ತ್ರಚಿಕಿತ್ಸೆಗೆ ನಾನು ಕೇಳಿದ್ದ ಮುಂಗಡ ಒಪ್ಪಿಗೆಯನ್ನು ಅವರು ತಡೆಹಿಡಿದಿದ್ದರು. ಇದು ಸೌಂದರ್ಯಕ್ಕಾಗಿ ಮಾಡಿಸಿಕೊಳ್ಳುವ ಚಿಕಿತ್ಸೆಯಂತೆ ಕಾಣುತ್ತದೆ, ಪಾಲಿಸಿಯಲ್ಲಿ ಅದಕ್ಕೆ ಅವಕಾಶವಿಲ್ಲ. ಕುತ್ತಿಗೆ ನೋವಿಗೆ ಸ್ತನಗಳ ಭಾರವೇ ಕಾರಣ ಎನ್ನುತ್ತೀರಿ, ಆದರೆ ನೀವೇ ಲಗತ್ತಿಸಿದ ಆರು ವರ್ಷಗಳ ಚೀಟಿಗಳಲ್ಲಿ ಬೇರೆ ಕಾರಣವಿದೆ. ಹದಿನೈದು ದಿನಗಳಲ್ಲಿ ವಿವರಣೆ ಕೊಡಿ.

ಸಂಜೆ ಮನೆಗೆ ಬಂದು ಫೈಲು ತೆಗೆದೆ. ವಾಸ್ಕೋದಲ್ಲಿ ನಾವು ಯಾವಾಗಲೂ ತೋರಿಸುವ ಡಾಕ್ಟರ ಹನ್ನೊಂದು ಚೀಟಿಗಳು. ಹನ್ನೊಂದರಲ್ಲೂ ಅದೇ ಸಾಲು: ನೀರಿನ ಕೊಡ ಎತ್ತಿದ್ದರಿಂದ ಕುತ್ತಿಗೆ ಮತ್ತು ಬೆನ್ನು ನೋವು.

ನಮ್ಮ ಮನೆಯಲ್ಲಿ ಕೊಡವಿಲ್ಲ.

ಆ ಕೊಡ ನಮ್ಮ ಅತ್ತೆಯ ಸೃಷ್ಟಿ. ಆರು ವರ್ಷದ ಹಿಂದೆ ಮೊದಲ ಸಲ ಆ ಕ್ಲಿನಿಕ್ಕಿಗೆ ಹೋದಾಗ ಡಾಕ್ಟರು, ನೋವು ಯಾವುದರಿಂದ ಶುರುವಾಯಿತು ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಕಾರಣ ನನಗೆ ಗೊತ್ತಿತ್ತು. ಹೊರಗೆ ಬೆಂಚಿನ ಮೇಲೆ ಜನ ಕೂತಿದ್ದರು, ನಡುವೆ ಒಂದು ಪರದೆ ಮಾತ್ರ. ನನ್ನ ಪಾಡು ಜೊತೆಗಿದ್ದ ಅತ್ತೆಗೆ ಕಂಡಿರಬೇಕು. "ಕೊಡಾ ಎತ್ತಿದ್ಲರಿ" ಎಂದುಬಿಟ್ಟರು. ಡಾಕ್ಟರು ಬರೆದುಕೊಂಡರು. ಅಲ್ಲಿಂದ ಮುಂದೆ ಪ್ರತಿ ಸಲವೂ ನಾನು ಕೊಡ ಎತ್ತಿದವಳೇ ಆದೆ. ಬೇಸಿಗೆಯಲ್ಲಿ ಎದೆಯ ಕೆಳಗೆ ಚರ್ಮ ಕೆಂಪಾಗಿ ಹರಿದರೆ ಮೆಡಿಕಲ್ ಅಂಗಡಿಯಿಂದ ಪೌಡರ್ ತಂದು ಹಚ್ಚಿಕೊಂಡೆ. ಅದನ್ನು ಯಾರಿಗೂ ತೋರಿಸಲಿಲ್ಲ.

ಹೋದ ವರ್ಷ ಕೈಬೆರಳು ಜೋಮು ಹಿಡಿಯತೊಡಗಿದ ಮೇಲೆ ಪಣಜಿಯ ಒಂದು ಆಸ್ಪತ್ರೆಗೆ ಹೋದೆ. ಅಲ್ಲಿಯ ಸರ್ಜನ್ ಹೆಂಗಸು. ಅವರೆದುರು ಮೊದಲ ಬಾರಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಾಲ್ಕು ತಿಂಗಳ ಫಿಸಿಯೋಥೆರಪಿಯಿಂದ ಗುಣ ಕಾಣದಿದ್ದಾಗ ಅವರು, ಇದು ಚಿಕಿತ್ಸೆ, ಅಲಂಕಾರವಲ್ಲ, ನಿಮ್ಮ ಆಫೀಸಿನ ವಿಮೆಗೆ ಹಾಕಿ ಎಂದರು. ವಿಮೆ ಇಲ್ಲದೆ ಅದನ್ನು ಮಾಡಿಸುವುದು ನಮ್ಮಿಂದ ಆಗುವಂತಿರಲಿಲ್ಲ.

ಮರುದಿನ ಆಸ್ಪತ್ರೆಯ ವಿಮಾ ಕೌಂಟರಿಗೆ ಹೋಗಿ ಮೇಲ್ ತೋರಿಸಿದೆ. ಅಲ್ಲಿದ್ದ ಹುಡುಗಿ ಒಳ್ಳೆಯವಳೇ. ದನಿ ತಗ್ಗಿಸಿ, ನಿಮ್ಮ ಡಾಕ್ಟರ ಹತ್ತಿರ ಹಳೆಯ ತಾರೀಖು ಹಾಕಿಸಿ ಬೇರೆ ಚೀಟಿ ಬರೆಸಿಕೊಂಡು ಬನ್ನಿ ಎಂದಳು. ಹಡಗಿನ ವರದಿಯಲ್ಲಿ ತಪ್ಪಾದರೆ ನಾವು ತಿದ್ದಿ ಮರೆಮಾಡುವುದಿಲ್ಲ. ಹಳೆಯದು ಓದಲು ಬರುವಂತೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು, ಆ ದಿನದ ತಾರೀಖು ಹಾಕಿ ಸಹಿ ಮಾಡುತ್ತೇವೆ. ಅವಳಿಗೆ ಇಲ್ಲ ಎಂದೆ. ಬಸ್ಸಿನಲ್ಲಿ ವಾಪಸು ಬರುವಾಗ ಮಾತ್ರ ಒಂದೇ ಯೋಚನೆ. ಆರು ವರ್ಷ ಸುಳ್ಳು ಹೇಳಿದೆವು ಎಂದು ನಾವೇ ಬರೆದುಕೊಟ್ಟರೆ ಏಳನೆಯ ವರ್ಷದ ಮಾತನ್ನು ಅವರು ಯಾಕೆ ನಂಬಬೇಕು?

ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಹೇಳಿದೆ. ಕೈ ನಿಂತಿತು.

"ಅಂದ್ರ, ನನ್ನ ಬಾಯಿಂದ ನಿನ್ನ ಆಪರೇಶನ್ ನಿಂತತೇನು?"

"ನಿಂತಿಲ್ಲತ್ಯಾ. ತಡದಾರ ಅಷ್ಟ."

"ನಡಿ ಹಂಗಾರ, ಡಾಕ್ಟರ್ ಕಡೆ ಹೋಗೂನು."

"ಹಿಟ್ಟು ನಾದಿಟ್ಟೀರಿ?"

"ನಿನ್ನ ಗಂಡ ಬಂದು ಬಡೀತಾನ ತಗೋ" ಎಂದು ಕೈ ತೊಳೆದರು. ನನ್ನ ಗಂಡ ಬಂದರಿನಲ್ಲಿ ಕ್ರೇನ್ ನಡೆಸುತ್ತಾನೆ. ರೊಟ್ಟಿ ಬಡಿದದ್ದನ್ನು ನಾನಂತೂ ನೋಡಿಲ್ಲ.

ಕ್ಲಿನಿಕ್ಕಿನಲ್ಲಿ ಬೆಂಚು ತುಂಬಿತ್ತು. ಡಾಕ್ಟರು ವಾಸ್ಕೋದವರೇ, ಕೊಂಕಣಿ ಮನೆಮಾತು. ಕನ್ನಡ ಕಲಿತದ್ದು ನಮ್ಮಂಥ ರೋಗಿಗಳಿಂದ.

"ಕಿತೆಂ ಜಾಲೆಂ? ಏನಾಯ್ತು? ಮತ್ತೆ ಕೊಡಾನಾ?" ಎಂದರು.

"ಡಾಕ್ಟರ್ ಸಾಹೇಬ್ರ," ಅತ್ತೆ ನೆಟ್ಟಗೆ ನಿಂತು ಹೇಳಿದರು, "ನಮ್ಮ ಮನ್ಯಾಗ ಕೊಡಾನ ಇಲ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಇಲ್ಲ ಅಂದ್ರೆ? ಒಡೀತೇನು?"

"ಮೊದಲಿಂದನ ಇಲ್ರಿ. ಅಡಗಿ ಮನ್ಯಾಗ ನಳ ಐತಿ."

"ಆರು ವರ್ಷದಿಂದ ಬಡಕೊಳ್ತಿದ್ದೀನಲ್ಲ ನಾನು, ಕೊಡ ಎತ್ತಬೇಡಿ, ಎತ್ತಬೇಡಿ ಅಂತ!"

"ಎತ್ತಿಲ್ಲಲ್ರಿ ಮತ್ತ! ನಿಮ್ಮ ಮಾತು ಒಮ್ಮಿನೂ ಮೀರಿಲ್ರಿ ಆಕಿ."

ಪರದೆಯ ಆಚೆ ಯಾರೋ ಗೊಳ್ಳೆಂದು ನಕ್ಕರು. ಡಾಕ್ಟರಿಗೂ ತಡೆಯಲಾಗಲಿಲ್ಲ. ಅತ್ತೆ ನನ್ನ ಕಡೆ ತಿರುಗಿದರು. "ಈಗ ನೀ ಹೇಳವಾ. ಸುಳ್ಳು ನಿನ್ನ ಬದ್ಲಿ ನಾ ಹೇಳೀನಿ. ಖರೇ ನೀನ ಹೇಳಬೇಕು."

ಹೇಳಿದೆ. ಎರಡು ಸಲ ನಿಲ್ಲಿಸಬೇಕಾಯಿತು. ಆದರೆ ಯಾವುದನ್ನೂ ಬಿಡಲಿಲ್ಲ. ಡಾಕ್ಟರು ನರ್ಸನ್ನು ಕರೆದು, ಪಕ್ಕದ ಕೋಣೆಯ ಬಾಗಿಲು ಹಾಕಿಸಿ, ಭುಜ ನೋಡಿದರು, ಚರ್ಮದ ಕಲೆ ನೋಡಿದರು. ಆಮೇಲೆ ಹೊರಗೆ ಬಂದು ತಮ್ಮ ಕುರ್ಚಿಯಲ್ಲಿ ಕೂತರು. "ತಪ್ಪು ನಂದೂ ಇದೆ. ಕೊಡ ಅಂದ ಕೂಡಲೆ ಬರೆದುಬಿಟ್ಟೆ. ಎರಡನೇ ಪ್ರಶ್ನೆ ಕೇಳಲಿಲ್ಲ" ಎಂದರು. ಆ ದಿನದ ತಾರೀಖಿನಲ್ಲೇ ಹೊಸ ಪ್ರಮಾಣಪತ್ರ ಬರೆದರು: ಹಿಂದಿನ ಕಾರಣ ರೋಗಿಯ ಜೊತೆ ಬಂದವರು ಹೇಳಿದ್ದು, ಅದು ಸರಿಯಲ್ಲ, ಇಂದು ನಾನೇ ಪರೀಕ್ಷಿಸಿ ಕಂಡದ್ದು ಇದು. ಕೊಡುವಾಗ ಅತ್ತೆಗೆ ಹೇಳಿದರು: "ಕೊಡದ ಬಗ್ಗೆ ನೀವೂ ಒಂದು ಕಾಗದ ಬರೆದುಕೊಡಿ."

ಅತ್ತೆ ಏಳನೆಯ ತರಗತಿಯವರೆಗೆ ಓದಿದವರು. ಊಟದ ಟೇಬಲಿನ ಮೇಲೆ ಹಾಳೆ ಹರಡಿಕೊಂಡು ಎರಡು ಮಧ್ಯಾಹ್ನ ಬರೆದರು. ನನ್ನನ್ನು ಹತ್ತಿರ ಬಿಡಲಿಲ್ಲ. ಮೂರನೆಯ ದಿನ ಒಂದೂವರೆ ಪುಟವನ್ನು ಮಡಚಿ ನನ್ನ ಊಟದ ಡಬ್ಬಿಯ ಜೊತೆ ಇಟ್ಟರು. "ಇಂಗ್ಲಿಷಿಗೆ ಹಾಕು. ನಿನ್ನ ಶಾಣ್ಯಾತನ ಅದರಾಗ ಸೇರಸಬ್ಯಾಡ."

ಆಫೀಸಿನಲ್ಲಿ ಊಟದ ಹೊತ್ತಿಗೆ ಬಿಚ್ಚಿದೆ. ಮೊದಲಿಗೆ ತಪ್ಪೊಪ್ಪಿಗೆ ಇತ್ತು: "ನನ್ನ ಸೊಸಿ ಎಂದೂ ಕೊಡಾ ಎತ್ತಿಲ್ಲ. ಗಂಡಸು ಡಾಕ್ಟರ್ ಮುಂದ ಆಕಿಗೆ ನಾಚಿಕಿ ಆಗಬಾರದಂತ ನಾನ ಹೇಳೀನಿ." ಆಮೇಲೆ ಕಂಡದ್ದು. ಬಟ್ಟೆ ಒಣಹಾಕುವಾಗ ನನ್ನ ಬೆರಳಿನಿಂದ ಕ್ಲಿಪ್ಪುಗಳು ಜಾರಿ ಕೆಳಗಿನ ಮನೆಯ ಅಂಗಳಕ್ಕೆ ಬೀಳುತ್ತವೆ, ಒಂದು ವಾರದಲ್ಲಿ ಒಂಬತ್ತು ಬಿದ್ದಿವೆ. ನನ್ನ ಭುಜದ ಮೇಲೆ ಒಳಉಡುಪಿನ ಪಟ್ಟಿ ಕೊರೆದ ಗುಣಿ ಇದೆ, ಎಣ್ಣೆ ಹಚ್ಚುವಾಗ ಅವರ ಕಿರುಬೆರಳು ಅದರೊಳಗೆ ಕೂರುತ್ತದೆ. ಅದಾದ ಮೇಲೆ ಈ ಸಾಲುಗಳು:

"ಬ್ಯಾಸಗ್ಯಾಗ ನನ್ನ ಹಳೇ ಸೀರಿ ಹರದು ಎದಿ ಕೆಳಗ ಇಟಗೊಂತಾಳ. ನನಗ ಗೊತ್ತಿಲ್ಲಂತ ತಿಳದಾಳ. ಮೆತ್ತನ್ನ ಸೀರಿ ಆಕಿ ಕೈಗೆ ಸಿಗಲಿ ಅಂತನ ನಾ ಕಪಾಟಿನ ಕೆಳಗಿನ ಖಾನ್ಯಾಗ ಇಡತೇನಿ."

ಓದುವುದನ್ನು ನಿಲ್ಲಿಸಿದೆ. ಕಿಟಕಿಯಾಚೆ ಕಲ್ಲಿದ್ದಲು ಇಳಿಸುತ್ತಿದ್ದರು. ನಾನು ಕದ್ದು ತೆಗೆದುಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದ ಸೀರೆಗಳನ್ನು ಆರು ಬೇಸಿಗೆ ಅವರು ನನಗಾಗಿ ಆರಿಸಿ ಇಟ್ಟಿದ್ದರು. ಹಡಗುಗಳನ್ನು ನಿಮಿಷದ ಲೆಕ್ಕದಲ್ಲಿ ನೋಡುವ ನನಗೆ ಮನೆಯೊಳಗಿನ ಇದು ಕಂಡಿರಲಿಲ್ಲ. ಕಣ್ಣೊರೆಸಿಕೊಂಡು ಅನುವಾದಕ್ಕೆ ಕೂತೆ. ಕೊನೆಯ ಸಾಲಿಗೆ ಬಂದಾಗ ಬೆರಳು ನಿಂತಿತು.

"ಇದು ಚೆಂದ ಕಾಣಾಕ ಅಲ್ಲ. ಚೆಂದ ಆಕಿ ಮೊದಲ ಅದಾಳ."

ನನ್ನ ಬಗ್ಗೆ ನಾನೇ ಹಾಗೆ ಬರೆಯುವುದು ಹೇಗೆ? ಬಿಟ್ಟುಬಿಡೋಣ ಎನ್ನಿಸಿತು. ಆದರೆ ಹೇಳಿಕೆ ಅವರದು, ಸಹಿ ಅವರದು. ಇದ್ದ ಹಾಗೇ ಹಾಕಿದೆ.

ಸರ್ಜನ್ನರ ಪತ್ರ, ಫಿಸಿಯೋಥೆರಪಿಯ ಕಾಗದ, ಡಾಕ್ಟರ ಹೊಸ ಪ್ರಮಾಣಪತ್ರ, ಅತ್ತೆಯ ಒಂದೂವರೆ ಪುಟ, ಎಲ್ಲವೂ ಹೋದವು. ಒಂಬತ್ತನೆಯ ದಿನ, ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ, ಒಪ್ಪಿಗೆ ಬಂತು. ಗಂಡನಿಗೆ ಫೋನ್ ಮಾಡಿದೆ. ಕ್ರೇನಿನ ಸದ್ದಿನ ನಡುವೆ ಅವನು "ಏನು? ಏನಂದಿ?" ಎಂದು ಮೂರು ಸಲ ಕೇಳಿದ. ಮೂರನೆಯ ಸಲ ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಇಡೀ ಆಫೀಸಿಗೆ ಗೊತ್ತಾಯಿತು. ನನಗೆ ನಾಚಿಕೆಯಾಗಲಿಲ್ಲ. ಒಳಗಿನಿಂದ ಮ್ಯಾನೇಜರರು ಎದ್ದು ಬಂದು, ರಜೆಯ ಅರ್ಜಿ ಎಲ್ಲಿ ಎಂದು ನಗುತ್ತ ಕೇಳಿದರು.

ಅತ್ತೆಯದು ಒಂದೇ ಪ್ರಶ್ನೆ. "ನನ್ನ ಪತ್ರಕ್ಕ ಏನಂದ್ರು?"

"ಅದರ ಬಗ್ಗೆ ಏನೂ ಬರದಿಲ್ಲತ್ಯಾ. ಒಪ್ಪಿಗಿ ಅಂತ ಅಷ್ಟ ಐತಿ."

"ಏನೂ ಇಲ್ಲ? ಮುಟ್ಟಿತಂತ ಒಂದ್ ಮಾತೂ ಇಲ್ಲ? ಎಂಥಾ ಮಂದಿನವಾ!" ಎರಡು ದಿನ ಮುಖ ಉಬ್ಬಿಸಿಕೊಂಡೇ ಇದ್ದರು. ಆಮೇಲೆ ತಾವೇ ನಿರ್ಧರಿಸಿದರು, ಅವರಿಗೆ ರೀತಿ ಗೊತ್ತಿಲ್ಲದಿದ್ದರೂ ನಮಗೆ ಗೊತ್ತಿದೆ, ಆಪರೇಶನ್ ಆದ ಮೇಲೆ ಉಪಕಾರ ಸ್ಮರಿಸಿ ಒಂದು ಕಾಗದ ಹಾಕಬೇಕು.

ಆಪರೇಶನ್ ಚೆನ್ನಾಗಿ ಆಯಿತು. ಎಚ್ಚರವಾದಾಗ ಹೊಲಿಗೆಗಳ ಉರಿ ಇತ್ತು, ಬಾಯಿ ಕಹಿಯಾಗಿತ್ತು. ಆದರೂ ಉಸಿರು ಎಳೆದುಕೊಂಡಾಗ ಎದೆ ಹಗುರವಾಗಿ ಮೇಲೆದ್ದದ್ದು ತಿಳಿಯಿತು. ಮತ್ತೊಮ್ಮೆ ಎಳೆದು ನೋಡಿದೆ. ನಿಜವೇ.

ಆರು ವಾರದ ಮೇಲೆ, ಅತ್ತೆ ಹೇಳಿ ನಾನು ಬರೆದ ಆ ಕಾಗದವನ್ನು ಅಂಚೆಗೆ ಹಾಕಲು ಇಬ್ಬರೂ ಹೊರಟೆವು. ಬೆಳಿಗ್ಗೆ ಹತ್ತು ಗಂಟೆ. ಏರುದಾರಿ. ನನ್ನ ಪಾಡಿಗೆ ನಾನು ನಡೆಯುತ್ತಿದ್ದೆ. ಹಿಂದಿನಿಂದ ಕೂಗು ಕೇಳಿತು.

"ಏ ಹುಡುಗಿ, ನಿಂದ್ರ!"

ತಿರುಗಿ ನೋಡಿದೆ. ಇಪ್ಪತ್ತು ಹೆಜ್ಜೆ ಹಿಂದೆ ಅತ್ತೆ ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತ ನಿಂತಿದ್ದರು. ಮದುವೆಯಾದಾಗಿನಿಂದ ಆ ಏರಿನಲ್ಲಿ ಹಿಂದೆ ಬೀಳುತ್ತಿದ್ದವಳು ನಾನು.

"ಹಿಂಗ ಓಡತಾಳಂತ ಮೊದಲ ಗೊತ್ತಿದ್ರ," ಅತ್ತೆ ದಾರಿಯಲ್ಲಿ ಹೋಗುತ್ತಿದ್ದವರಿಗೆಲ್ಲ ಕೇಳುವಂತೆ ಹೇಳಿದರು, "ನಾ ಆ ಪತ್ರಾನ ಬರೀತಿದ್ದಿಲ್ಲ!"

ನಾನು ನಗುತ್ತ ಇಳಿದು ಬಂದು ಅವರ ಕೈ ಹಿಡಿದೆ.