ಭೂಮಿ ಎಡವುವುದಿಲ್ಲ

ಆಗೆಲ್ಲ ಭೂಮಿ ಹುಣ್ಣಿಮೆಗೆ ವಾರವಿರುವಾಗಲೇ ನಮ್ಮ ಮನೆಯ ಜಗಲಿ ಕೆಮ್ಮಣ್ಣಿನ ವಾಸನೆ ಹೊಡೆಯುತ್ತಿತ್ತು. ಸೊರಬದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭತ್ತದ ತೆನೆ ಹಾಲುಗಟ್ಟುವ ಹೊತ್ತಿಗೆ ಭೂಮಿ ತುಂಬು ಬಸುರಿ. ಅವಳ ಬಯಕೆ ತೀರಿಸಲು ಗದ್ದೆಗೆ ಬುಟ್ಟಿಯಲ್ಲಿ ಅಡುಗೆ ಹೊತ್ತೊಯ್ಯಬೇಕು. ಆ ಬುಟ್ಟಿಗೆ ಅಜ್ಜಿ ಕೆಮ್ಮಣ್ಣು ಬಳಿದು, ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಗೆರೆ ಎಳೆಯುತ್ತಿದ್ದಳು. ನಾನು ಪಕ್ಕದಲ್ಲಿ ಹಿಟ್ಟಿನ ಬಟ್ಟಲು ಹಿಡಿದು ಕೂರುತ್ತಿದ್ದೆ. ಬಟ್ಟಲು ಅಲುಗಿದರೆ ಬೈಗುಳ.

ಏಳನೇ ಕ್ಲಾಸಿನ ವರ್ಷ ಬಟ್ಟಲು ಹಿಡಿದುಕೊಂಡೇ ಕೇಳಿದೆ. "ಅಜ್ಜಿ, ಭೂಮಿ ಸೂರ್ಯನ ಸುತ್ತ ಓಡ್ತದಂತೆ, ಬಸ್ಸಿಗಿಂತ ಜೋರು. ಮತ್ತೆ ನಮ್ಗ್ಯಾಕೆ ಗೊತ್ತಾಗಲ್ಲ?" ಮೇಷ್ಟ್ರು ಇದಕ್ಕೆ ಉತ್ತರ ಬರೆದು ತರಲು ಹೇಳಿದ್ದರು.

ಹಿಡಿದ ಗೆರೆ ಮುಗಿಯುವವರೆಗೆ ಅಜ್ಜಿ ತಲೆ ಎತ್ತಲಿಲ್ಲ. "ನೀ ಹೊಟ್ಟೇಲಿದ್ದಾಗ ನಿಮ್ಮವ್ವ ಗದ್ದೆ ಬದಿನ ಮೇಲೆ ಓಡಾಡ್ತಿದ್ಲು. ನಿಂಗೆ ಗೊತ್ತಾಯ್ತೇನೆ? ಅವ್ಳ ಜೊತೆಗೇ ನೀನೂ ಹೋಗ್ತಿದ್ದೆ. ಅವ್ಳು ಎಡವಿದ್ರೆ ಗೊತ್ತಾಗ್ತಿತ್ತು. ಭೂಮ್ತಾಯಿ ಎಡವಲ್ಲ ಮಗಾ, ಒಂದೇ ನಡಿಗೆ ಅವ್ಳದ್ದು."

ಅದನ್ನೇ ಬರೆದೆ. ಅಕ್ಷರ ದುಂಡಗೆ ಬಂದಿತ್ತು, ಖುಷಿಯಾಗಿತ್ತು.

ಹುಣ್ಣಿಮೆಯ ದಿನ ಬೆಳಿಗ್ಗೆ ಗದ್ದೆಯ ಪೂಜೆ ಮುಗಿಸಿ ನಾನು ಶಾಲೆಗೆ ಓಡಿದೆ. ಮೇಷ್ಟ್ರು ನನ್ನ ನೋಟ್‌ಬುಕ್ಕನ್ನು ಗಟ್ಟಿಯಾಗಿ ಓದಿದರು, ನಾಟಕದವರ ಹಾಗೆ, ನಿಲ್ಲಿಸಿ ನಿಲ್ಲಿಸಿ. ಹುಡುಗರು ಕಿಸಿಕಿಸಿ ಎನ್ನತೊಡಗಿದರು.

"ಯಾರು ಹೇಳ್ಕೊಟ್ಟಿದ್ದು ಇದನ್ನ?"

ಅಷ್ಟರಲ್ಲಿ ಬಾಗಿಲಲ್ಲಿ ಅಜ್ಜಿ. ಪೂಜೆಯ ಕಡುಬು ಮೇಷ್ಟರಿಗೂ ಕೊಡುವುದು ನಮ್ಮ ಮನೆಯ ರೂಢಿ. ಬಾಳೆಲೆಯ ಕಟ್ಟು ಹಿಡಿದು ನಿಂತಿದ್ದಳು. ನಾನು ಅವಳನ್ನು ನೋಡಿದೆ. ನೋಡಿಯೂ, "ಯಾರೂ ಇಲ್ಲ ಸಾರ್, ಸುಮ್ನೆ ಬರ್ದೆ" ಎಂದೆ.

"ನಾನೇ ಹೇಳಿದ್ದು ಮೇಷ್ಟ್ರೇ" ಎಂದಳು ಅಜ್ಜಿ.

"ಓಹೋ! ಭೂಮಿಗೆ ಈಗ ಎಷ್ಟು ತಿಂಗಳಜ್ಜಿ? ಹೆರಿಗೆ ಸೊರಬದ ಆಸ್ಪತ್ರೇಲೋ, ಶಿಕಾರಿಪುರದಲ್ಲೋ?"

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಅಜ್ಜಿ ಕಟ್ಟನ್ನು ಮೇಜಿನ ಮೇಲಿಟ್ಟು, "ಬಿಸಿ ಇದಾವೆ, ಉಣ್ಣಿ" ಎಂದು ಹೇಳಿ ಹೋದಳು.

ಆಮೇಲೆ ಆ ಮನುಷ್ಯ ಗೈಡ್ ತೆಗೆದು ಉತ್ತರ ಬರೆಸಿದ: ಭೂಮಿ ಬಹಳ ದೊಡ್ಡದು, ನಾವು ಬಹಳ ಚಿಕ್ಕವರು, ಆದ್ದರಿಂದ ಚಲನೆ ತಿಳಿಯುವುದಿಲ್ಲ. ನನಗೆ ಹತ್ತು ಸಲ ಬರೆಯುವ ಶಿಕ್ಷೆ. ನಾನು ಬರೆಯುತ್ತಿದ್ದರೆ ಅವನು ಕುರ್ಚಿಯಲ್ಲಿ ಕೂತು ಕಡುಬು ತಿಂದ. ಒಂದನ್ನೂ ಉಳಿಸಲಿಲ್ಲ.

ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ. ದೊಡ್ಡದಂತೆ! ಭೂಕಂಪವಾದಾಗ ಗೊತ್ತಾಗುತ್ತದಲ್ಲ, ಆಗೇನು ಭೂಮಿ ಚಿಕ್ಕದಾಗಿರುತ್ತದೆಯೆ? ಬಸ್ಸು ಒಂದೇ ಹದದಲ್ಲಿ ಹೋಗುವಾಗ ತೂಕಡಿಸುತ್ತೇವೆ, ಬ್ರೇಕ್ ಹಾಕಿದಾಗ ಮುಂದಿನ ಸೀಟಿಗೆ ಹಣೆ ಬಡಿಯುತ್ತದೆ. ನಾವೂ, ಗಾಳಿಯೂ, ಗದ್ದೆಯೂ ಭೂಮಿಯ ಜೊತೆಗೇ ಹೋಗುತ್ತಿದ್ದೇವೆ. ಅದು ಕುಲುಕುವುದಿಲ್ಲ, ಅದಕ್ಕೇ ತಿಳಿಯುವುದಿಲ್ಲ. ಹೆಬ್ಬೆಟ್ಟು ಒತ್ತುತ್ತಿದ್ದ ಅಜ್ಜಿ ಹೇಳಿದ್ದು ಸರಿ, ಗೈಡ್ ಹಿಡಿದವನು ಹೇಳಿದ್ದು ತಪ್ಪು. ಅವನ ಮೇಲಿನ ಸಿಟ್ಟು ಒಂದು ತೂಕವಾದರೆ, ನಕ್ಕ ನನ್ನ ಮೇಲಿನದು ಎರಡು ತೂಕ.

ಅಜ್ಜಿ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮುಂದಿನ ವರ್ಷ ಜಗಲಿಗೆ ಹೋದರೆ ಹಿಟ್ಟಿನ ಬಟ್ಟಲನ್ನು ಮಣೆಯ ಮೇಲಿಟ್ಟುಕೊಂಡಿದ್ದಳು. "ನೀ ಓದ್ಕ ಹೋಗು ಮಗಾ" ಎಂದಳು. ಅವಳು ಹೋದ ಮೇಲೆ ನಮ್ಮ ಮನೆಯಲ್ಲಿ ಬುಟ್ಟಿಗೆ ಗೆರೆ ಎಳೆಯುವವರಿಲ್ಲ. ಪೂಜೆಯ ಅಡುಗೆ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಹೋಗುತ್ತದೆ. ನನಗೆ ಬರುವುದು ಬಟ್ಟಲು ಹಿಡಿಯುವುದಷ್ಟೇ.

ನಾನೀಗ ಶಿಕಾರಿಪುರದಲ್ಲಿ ವಿಜ್ಞಾನದ ಟೀಚರ್. ಹೋದ ತಿಂಗಳು ಅದೇ ಪ್ರಶ್ನೆ ಬಂತು. ಅಜ್ಜಿಯ ಉತ್ತರವನ್ನೇ ಕೊಟ್ಟೆ. ಮುಂದಿನ ಬೆಂಚಿನ ಹುಡುಗಿ ಪುಸ್ತಕ ತಿರುವಿ ಹಾಕಿ, "ಇದ್ರಾಗ ಇಲ್ವಲ್ರೀ ಮಿಸ್, ನಿಮ್ಗ್ಯಾರು ಹೇಳಿದ್ರು?" ಎಂದಳು.

"ನಮ್ಮಜ್ಜಿ" ಎಂದೆ.

ಎಷ್ಟು ಸಲೀಸಾಗಿ ಬಂತು ಬಾಯಿಗೆ. ಅವತ್ತು ಬಾಗಿಲಲ್ಲಿ ಅವಳು ನಿಂತಿದ್ದಾಗ ಇಷ್ಟೇ ಹೇಳಬೇಕಿತ್ತು.