ಬಿನ್ ಮಹಮೂದಿನ ರಂಗೂನ್

ದೋಹಾದಲ್ಲಿ ಇಳಿದ ದಿನದಿಂದ ಎಲ್ಲರೂ ನನ್ನನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ನಿಮ್ಮ ಯಜಮಾನ್ರು ಎಲ್ಲಿ ಕೆಲಸ ಮಾಡ್ತಾರೆ?" ರಾಸ್ ಲಫಾನಿನ ಗ್ಯಾಸ್ ಕಾರ್ಖಾನೆ ಅಂದರೆ ಸಾಕು, ತಲೆಯಾಡಿಸಿ ಮಾತು ಬದಲಿಸುತ್ತಿದ್ದರು. ಮೈಸೂರಿನ ಕಾಲೇಜಿನಲ್ಲಿ ವರ್ಷಗಟ್ಟಲೆ ಭೌತಶಾಸ್ತ್ರ ಕಲಿಸಿದವಳು ನಾನು. ಇಲ್ಲಿನ ವೀಸಾದಲ್ಲಿ ಬರೀ ಗೃಹಿಣಿ. ಬಿನ್ ಮಹಮೂದ್ ಬಡಾವಣೆಯ ನಮ್ಮ ಫ್ಲಾಟಿನಲ್ಲಿ ಸಾರಿಗೆ ಒಗ್ಗರಣೆ ಹಾಕುವಾಗಲೆಲ್ಲ ಮೈ ಉರಿಯುತ್ತಿತ್ತು.

ಪಕ್ಕದ ಮನೆಯವರು ಕೆಲಸ ಮುಗಿಸಿ ಊರಿಗೆ ಹೊರಟಾಗ ನಮಗೆ ಬಿಟ್ಟುಹೋದ ಸಾಮಾನಿನಲ್ಲಿ ಹಳೆಯ ವಿಮಾನಗಳ ಪುಸ್ತಕವೊಂದಿತ್ತು. ಅದರಲ್ಲಿ ಎರಡು ಮಹಾಯುದ್ಧಗಳ ನಡುವಿನ ಬ್ರಿಟಿಷ್ ಹಾರುದೋಣಿ: ಕೆಳಗೆ ದೋಣಿಯ ಹೊಟ್ಟೆ, ಮೇಲೆ ಎರಡಂತಸ್ತಿನ ರೆಕ್ಕೆ, ನಡುವೆ ಮೂರು ಎಂಜಿನ್. ಪ್ರಯಾಣಿಕರಿಗೆಂದು ಕಟ್ಟಿದಾಗ ಅದರ ಹೆಸರು ಕಲ್ಕತ್ತಾ. ಬಂದೂಕು, ಬಾಂಬು ಹೊರಿಸಿ ವಾಯುಪಡೆಗೆ ಸೇರಿಸಿದಾಗ ರಂಗೂನ್. ಬಸ್ರಾದಲ್ಲಿ ನೆಲೆ ನಿಂತು ಇದೇ ಕೊಲ್ಲಿಯನ್ನು ಕಾಯುತ್ತಿತ್ತಂತೆ. ಹೆಸರು ಬದಲಾದರೂ ಒಡಲು ಅದೇ. ಓದಿ ನನಗೆ ಬಹಳ ಸಮಾಧಾನವಾಯಿತು.

ಕನ್ನಡದವರ ಪಿಕ್‌ನಿಕ್ಕಿನಲ್ಲಿ ಆ ವರ್ಷ ಗಂಡಸರಿಗೊಂದು ಸ್ಪರ್ಧೆ: ಮನೆಯ ರದ್ದಿ ಸಾಮಾನಿನಿಂದ ನೀರಿನ ಮೇಲೆ ಓಡುವ ಆಟಿಕೆ ಮಾಡಬೇಕು. ಹೆಂಗಸರಿಗೆ ಪುಳಿಯೋಗರೆ. ನಾನು ಸ್ಪರ್ಧೆಗೆ ಹೆಸರು ಕೊಟ್ಟೆ, ನೀರಿನಿಂದೆದ್ದು ಹಾರುವ ರಂಗೂನ್ ಮಾಡ್ತೀನಿ ಅಂತ.

"ಇದು ಹಾರಿದ್ರೆ ಒಂದು ತಿಂಗಳು ಪಾತ್ರೆ ನಾನೇ ತೊಳೀತೀನಿ," ಎಂದರು ನಮ್ಮವರು.

"ಸೋಪು ತಂದಿಟ್ಕೊಳ್ಳಿ," ಎಂದೆ.

ಟೀವಿ ಡಬ್ಬದ ಥರ್ಮೋಕೋಲ್ ಕೊರೆದು ಒಡಲು ಮಾಡಿದೆ. ಬಿದಿರು ಪರದೆಯ ಕಡ್ಡಿಗೆ ತೆಳುಕಾಗದ ಅಂಟಿಸಿ ರೆಕ್ಕೆ. ಕಾಗದ ನೆನೆಯದಿರಲೆಂದು ನೇಲ್ ಪಾಲಿಶ್ ಬಳಿದೆ. ಅದೇ ಹುಮ್ಮಸ್ಸಿನಲ್ಲಿ ಒಡಲಿಗೂ ಬಳಿದೆ. ಥರ್ಮೋಕೋಲ್ ಬೆಣ್ಣೆಯಂತೆ ಕರಗಿಹೋಯಿತು. ಭೌತಶಾಸ್ತ್ರದವಳು ರಸಾಯನಶಾಸ್ತ್ರದಲ್ಲಿ ಫೇಲು! ಮತ್ತೊಂದು ಒಡಲು ಕೊರೆದೆ, ಚಿತ್ರದಲ್ಲಿದ್ದಂತೆ ತಳದಲ್ಲಿ ಒಂದು ಮೆಟ್ಟಿಲು ಬಿಟ್ಟು. ನೀರು ತಳಕ್ಕೆ ಅಂಟಿಕೊಳ್ಳದಿರಲು ಅದು ಬೇಕು. ನಡುವಿನ ಪಂಖಕ್ಕೆ ತಿರುಚಿದ ರಬ್ಬರ್ ಬ್ಯಾಂಡು. ಅಕ್ಕಪಕ್ಕದ ಎರಡು ಬರೀ ಶೋಕಿಗೆ.

ಪಿಕ್‌ನಿಕ್ಕಿನ ಶುಕ್ರವಾರ ಕಡಲು ಕನ್ನಡಿ ಹಾಸಿದಂತಿತ್ತು. ಗಂಡಸರ ಡಬ್ಬಿದೋಣಿಗಳು ಓಡಿದವು, ಚಪ್ಪಾಳೆ ಬಿತ್ತು. ನನ್ನ ರಂಗೂನ್ ಓಡಿತು, ಓಡಿತು, ಏಳಲಿಲ್ಲ. ಮತ್ತೆ ಬಿಟ್ಟೆ. ಊಹೂಂ.

"ಖಲಾಸ್ ಮೇಡಂ, ಚೆನ್ನಾಗಿ ತೇಲುತ್ತೆ, ಸಾಕು ಬಿಡಿ," ಎಂದರು ತೀರ್ಪುಗಾರರು. ಹಿಂದೆ ಯಾರೋ ನಕ್ಕರು. ನಾನು ಮತ್ತೆ ರಬ್ಬರ್ ಬ್ಯಾಂಡು ತಿರುಚಿದೆ.

ಆಗ ಪುಸ್ತಕದಲ್ಲಿ ಓದಿದ್ದು ನೆನಪಾಯಿತು. ನೀರು ಅಲುಗದ ದಿನ ಹಾರುದೋಣಿ ಏಳಲು ಒದ್ದಾಡುತ್ತದೆ. ಆಗ ಮುಂದೆ ಮೋಟಾರುದೋಣಿ ಓಡಿಸಿ ನೀರು ಕದಡುತ್ತಿದ್ದರಂತೆ. ನನ್ನ ಬಳಿ ಮೋಟಾರುದೋಣಿ ಇರಲಿಲ್ಲ. ಪುಳಿಯೋಗರೆ ಬಡಿಸಲು ನಿಂತ ಹೆಂಗಸರಿದ್ದರು.

"ಯಲ್ಲಾ, ಬನ್ನಿ ಬನ್ನಿ, ಎಲ್ಲರೂ ನೀರಿಗಿಳೀರಿ! ನೀರು ಕದಡ್ಬೇಕು!"

ಸೌಟು ಕೆಳಗಿಟ್ಟು ಮೊದಲು ಬಂದವರು ನಮ್ಮ ಮಹಡಿಯಲ್ಲೇ ಇದ್ದ ಮಂಗಳೂರಿನ ಬ್ಯಾರಿ ಅಕ್ಕ. ಹಿಂದೆಯೇ ಸೀರೆ ಎತ್ತಿ ಕಟ್ಟಿಕೊಂಡು ಉಳಿದವರು. ಎರಡು ಸಾಲಾಗಿ ನಿಂತು ಥಪಥಪ ಕುಣಿದರು. ಆ ಕಿರುಅಲೆಗಳ ನಡುವೆ ರಂಗೂನನ್ನು ಬಿಟ್ಟೆ. ಓಡಿತು, ತಳ ಬಡಿಯಿತು, ಎದ್ದೇಬಿಟ್ಟಿತು! ಮೊಳದೆತ್ತರ, ಎದೆಯೆತ್ತರ, ತೀರ್ಪುಗಾರರ ಪಕ್ಕದಲ್ಲೇ ಹಾದು, ದೂರ ಹೋಗಿ ಮೆಲ್ಲಗೆ ನೀರಿಗಿಳಿಯಿತು. ನಾನು ಕಿರುಚಿದ್ದು ನನಗೇ ಕೇಳಿಸಲಿಲ್ಲ, ಅಷ್ಟು ಹೆಂಗಸರು ಕಿರುಚುತ್ತಿದ್ದರು. ದಡದಲ್ಲಿ ನಮ್ಮವರು ಆಗಲೇ ಅಂಗಿಯ ತೋಳು ಮಡಚುತ್ತಿದ್ದರು.

ಮೊಣಕಾಲಿನವರೆಗೆ ಒದ್ದೆಯಾಗಿದ್ದ ಅಕ್ಕ ಏದುಸಿರು ಬಿಡುತ್ತಾ ಕೇಳಿದರು: "ನೀವು ಎಂತ ಕಲ್ತದ್ದು ಮಾರಾಯ್ರೆ?"

ದೋಹಾದಲ್ಲಿ ನನ್ನ ಓದಿನ ಬಗ್ಗೆ ಕೇಳಿದವರು ಅವರೇ ಮೊದಲು. ಉತ್ತರಿಸಲು ಬಾಯಿ ತೆರೆದರೆ ಅಳು ಬಂತು.

"ಫಿಸಿಕ್ಸು," ಎಂದೆ, ಅಳುತ್ತಲೇ ನಗುತ್ತಾ. "ಕಾಲೇಜಲ್ಲಿ ಕಲಿಸ್ತಿದ್ದೆ."

"ಮತ್ತೆ ಇಲ್ಲಿ ಯಾಕೆ ಸುಮ್ಮನೆ ಕೂತದ್ದು? ನಾಳೆಯಿಂದ ನನ್ನ ಮಗಳನ್ನು ಪಾಠಕ್ಕೆ ಕಳಿಸ್ತೇನೆ."